ದಿನಕ್ಕೆ 60 ನಿಮಿಷ: ಕಾಗಾವಾದ ಹುಡುಗ, ಅವನ ಗೇಮ್, ಒಂದು ಕಾನೂನು

ಮಾನ್‌ಸ್ಟರ್ ಹಂಟರ್ ಅಂತ ಜಪಾನಿನ ಒಂದು ಗೇಮ್ ಇದೆ. ನಾಲ್ಕು ಜನರವರೆಗೆ ಜೊತೆ ಸೇರಿ ಒಂದು ದೈತ್ಯ ಪ್ರಾಣಿಯನ್ನು ಬೇಟೆಯಾಡಬಹುದು. ಒಂದು ಬೇಟೆಗೆ ಸಾಮಾನ್ಯವಾಗಿ 50 ನಿಮಿಷದ ಗಡುವು. ಕೈ ಪಳಗಿದವರು ಹತ್ತು ನಿಮಿಷದಲ್ಲಿ ಮುಗಿಸಿ ಎದ್ದು ಹೋಗುತ್ತಾರೆ. ಹೊಸಬರದು ಕೊನೆಯ ನಿಮಿಷದವರೆಗೂ ಒದ್ದಾಟ. ಮಧ್ಯದಲ್ಲಿ ಒಬ್ಬ ಬಿಟ್ಟು ಹೋದರೆ ಉಳಿದ ಮೂವರು ಮಾರನೇ ದಿನ ಶಾಲೆಯಲ್ಲಿ ಸುಮ್ನೆ ಬಿಡುವುದಿಲ್ಲ.

ಈಗ ಇನ್ನೊಂದು ಗಡುವು ನೋಡಿ. 2020ರ ಏಪ್ರಿಲ್ 1ರಿಂದ ಜಪಾನಿನ ಕಾಗಾವಾ ಪ್ರಾಂತ್ಯದಲ್ಲಿ ಒಂದು ಸ್ಥಳೀಯ ಕಾನೂನು ಜಾರಿಗೆ ಬಂತು. 18 ತುಂಬದವರು ಶಾಲೆ ಇರುವ ದಿನ 60 ನಿಮಿಷ, ರಜೆಯ ದಿನ 90 ನಿಮಿಷ ಗೇಮ್ ಆಡಬಹುದು. ಸ್ಮಾರ್ಟ್‌ಫೋನಿಗೆ ಬೇರೆ ಗೆರೆ. ಜೂನಿಯರ್ ಹೈಸ್ಕೂಲ್ ಮುಗಿಯುವವರೆಗೆ ರಾತ್ರಿ 9ಕ್ಕೆ, ಅದಕ್ಕಿಂತ ದೊಡ್ಡವರು 10ಕ್ಕೆ ಕೆಳಗಿಡಬೇಕು. ಓದಿಗೆ ಬಳಸಿದರೆ, ಮನೆಯವರ ಜೊತೆ ಮಾತಾಡಿದರೆ ಅದು ಲೆಕ್ಕಕ್ಕಿಲ್ಲ. ಇದನ್ನು ನೋಡಿಕೊಳ್ಳುವ ಹೊಣೆ ಅಪ್ಪ ಅಮ್ಮನದು. ಮೀರಿದರೆ ದಂಡ ಇಲ್ಲ, ಶಿಕ್ಷೆ ಇಲ್ಲ.

ದಂಡವೇ ಇಲ್ಲದ ಈ ಕಾನೂನನ್ನು 17 ವರ್ಷದ ಒಬ್ಬ ವಿದ್ಯಾರ್ಥಿ ಕೋರ್ಟಿಗೆ ಎಳೆದ. ನಮ್ಮಲ್ಲಾದರೆ ಪಿಯುಸಿ ಓದುವ ವಯಸ್ಸು. ಅವನು ಸೋತ. ಆದರೆ ಸೋತ ರೀತಿ ವಿಚಿತ್ರವಾಗಿದೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನಿಸಿತು.

ಉದೋನ್ ಮತ್ತು ಯಾದೋನ್

ಕಾಗಾವಾ ಇರುವುದು ಶಿಕೋಕು ದ್ವೀಪದಲ್ಲಿ. ಜಪಾನಿನ 47 ಪ್ರಾಂತ್ಯಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ವಿಸ್ತೀರ್ಣ ಕಡಿಮೆ. 2020ರಲ್ಲಿ ಜನಸಂಖ್ಯೆ ಸುಮಾರು 9.5 ಲಕ್ಷ. ರಾಜಧಾನಿ ತಕಮಾತ್ಸು. ಊರಿನ ಹೆಸರು ಹೇಳಿದರೆ ಜಪಾನಿನವರಿಗೆ ಮೊದಲು ನೆನಪಾಗುವುದು ಉದೋನ್. ಅಂದರೆ ಗೋಧಿ ಹಿಟ್ಟಿನ ದಪ್ಪ ಶಾವಿಗೆ. ಪ್ರಾಂತ್ಯವೇ ತನ್ನನ್ನು 'ಉದೋನ್ ಪ್ರಾಂತ್ಯ' ಅಂತ ಕರೆದುಕೊಂಡು ಪ್ರವಾಸಿಗರನ್ನು ಕರೆಯುತ್ತದೆ.

ಇಲ್ಲೊಂದು ತಮಾಷೆ ಇದೆ. ಪೋಕೆಮಾನ್ ಗೇಮ್‌ನಲ್ಲಿ ಯಾದೋನ್ ಅಂತ ಒಂದು ಗುಲಾಬಿ ಬಣ್ಣದ ಮಂದಬುದ್ಧಿಯ ಪ್ರಾಣಿ ಬರುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಅದರ ಹೆಸರು ಸ್ಲೋಪೋಕ್. ಉದೋನ್, ಯಾದೋನ್. ಪ್ರಾಸ ಸಿಕ್ಕಿತಲ್ಲ, ಅಷ್ಟೇ ಸಾಕಾಯಿತು. ಏಪ್ರಿಲ್ ಫೂಲ್ ದಿನದ ತಮಾಷೆಯಾಗಿ ಶುರುವಾದದ್ದು 2018ರ ಡಿಸೆಂಬರ್‌ನಲ್ಲಿ ಅಧಿಕೃತವೇ ಆಯಿತು. ಯಾದೋನ್ ಕಾಗಾವಾದ ಪ್ರಚಾರ ರಾಯಭಾರಿ. ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಅದರ ಚಿತ್ರ ಬಂತು. 1996ರಲ್ಲಿ ಗೇಮ್‌ಬಾಯ್ ಪರದೆಯಲ್ಲಿ ಹುಟ್ಟಿದ ಪ್ರಾಣಿಯಿಂದ ಊರಿಗೆ ಜನ ಬರಲಿ ಅನ್ನುವುದು ಲೆಕ್ಕ. ಅದೇ ಸರ್ಕಾರದ ಊರಿನಲ್ಲಿ ಮುಂದಿನ ವರ್ಷದ ಹೊತ್ತಿಗೆ ಗೇಮ್‌ಗೆ ಗಡಿಯಾರ ಕಟ್ಟುವ ಮಾತು ಶುರುವಾಗಿತ್ತು.

ಇದನ್ನು ಬೂಟಾಟಿಕೆ ಅಂತ ಕರೆಯುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಗೇಮ್ ಬಗ್ಗೆ ಜಪಾನಿಗೆ ಮೊದಲಿನಿಂದಲೂ ಇರುವುದು ಇದೇ ಎರಡು ಮನಸ್ಸು.

ಗಡಿಯಾರ ಹೊಸದಲ್ಲ

1978ರಲ್ಲಿ ಟೈಟೊ ಕಂಪನಿ ಸ್ಪೇಸ್ ಇನ್ವೇಡರ್ಸ್ ತಂದಿತು. ಕಾಫಿ ಅಂಗಡಿಗಳ ಮೇಜಿನೊಳಗೇ ಪರದೆ ಕೂರಿಸಿದ್ದರು. 100 ಯೆನ್ ನಾಣ್ಯ ಹಾಕಬೇಕು, ಆಡಬೇಕು. ದೊಡ್ಡವರು ಕಾಫಿ ತಣ್ಣಗಾಗಲು ಬಿಟ್ಟು ಆಡಿದರು, ಮಕ್ಕಳು ಪಾಕೆಟ್ ಮನಿ ಖಾಲಿ ಮಾಡಿಕೊಂಡು ಆಡಿದರು. ಶಾಲೆಗಳು ಬೆಚ್ಚಿಬಿದ್ದು, ಅಲ್ಲಿಗೆ ಹೋಗಬೇಡಿ ಅಂತ ಹೇಳತೊಡಗಿದವು. 1985ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಗೇಮ್ ಸೆಂಟರ್‌ಗಳು ಮನರಂಜನಾ ವ್ಯಾಪಾರದ ಕಾನೂನಿನ ಕೆಳಗೆ ಬಂದವು. ಪಚಿಂಕೊ ಅನ್ನುವ ಜೂಜಿನಂಥ ಯಂತ್ರಗಳ ಅಂಗಡಿ, ಕ್ಯಾಬರೆಗಳನ್ನು ನಿಯಂತ್ರಿಸುವುದೂ ಅದೇ ಕಾನೂನು. ನಡುರಾತ್ರಿ ಬಾಗಿಲು ಹಾಕಬೇಕು. ಮಕ್ಕಳು ಎಷ್ಟು ಗಂಟೆಯವರೆಗೆ ಒಳಗಿರಬಹುದು ಅನ್ನುವುದನ್ನು ಆಯಾ ಪ್ರಾಂತ್ಯ ತೀರ್ಮಾನಿಸುತ್ತದೆ. ಬಹಳ ಕಡೆ 16ರ ಒಳಗಿನವರು ಸಂಜೆ 6ಕ್ಕೆ, 18ರ ಒಳಗಿನವರು ರಾತ್ರಿ 10ಕ್ಕೆ ಹೊರಗೆ ಹೋಗಬೇಕು ಅಂತಾಯಿತು. ಸಂಜೆ ಆಗುತ್ತಿದ್ದ ಹಾಗೆ ಅಂಗಡಿಯವರು ಒಂದೊಂದೇ ಸಾಲಿಗೆ ಬಂದು 'ಟೈಮ್ ಆಯಿತು' ಅಂತ ಮಕ್ಕಳನ್ನು ಎಬ್ಬಿಸುವುದು ಆ ತಲೆಮಾರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ.

ಅಷ್ಟರಲ್ಲಿ ಆಟ ಅಂಗಡಿ ಬಿಟ್ಟು ಮನೆಗೆ ಬಂದಿತ್ತು. ನಿಂಟೆಂಡೊ ಫ್ಯಾಮಿಕಾಂ ಬಿಡುಗಡೆಯಾಗಿದ್ದು 1983ರ ಜುಲೈನಲ್ಲಿ. ಟಿವಿಗೆ ಸಿಕ್ಕಿಸಿ ಆಡುವ ಯಂತ್ರ. ಮನೆಯಲ್ಲಿ ಎಬ್ಬಿಸುವವರು ಯಾರು? ಅಮ್ಮ.

ಆಗಲೇ ಹುಟ್ಟಿದ್ದು 'ಗೇಮ್ ದಿನಕ್ಕೆ ಒಂದು ಗಂಟೆ' ಅನ್ನುವ ಮಾತು. ಹೇಳಿದ್ದು ಯಾವುದೋ ಶಿಕ್ಷಣ ಮಂತ್ರಿ ಅಲ್ಲ. ಹಡ್ಸನ್ ಗೇಮ್ ಕಂಪನಿಯ ನೌಕರ, ತಕಹಾಶಿ ಮೇಜಿನ್. ಮೇಜಿನ್ ಅಂದರೆ ನಮ್ಮ 'ಉಸ್ತಾದ್' ಇದ್ದ ಹಾಗೆ. ಸೆಕೆಂಡಿಗೆ 16 ಸಲ ಬಟನ್ ಒತ್ತುತ್ತಿದ್ದ ಅಂತ ಹೆಸರುವಾಸಿ. ಮಕ್ಕಳ ಪಾಲಿಗೆ ಸಿನಿಮಾ ಹೀರೋಗಿಂತ ಜಾಸ್ತಿ. 1985ರ ಬೇಸಿಗೆ ರಜೆಯಲ್ಲಿ ಹಡ್ಸನ್ ದೇಶದಾದ್ಯಂತ ಗೇಮ್ ಸ್ಪರ್ಧೆ ನಡೆಸಿತು. ಫುಕುವೋಕಾದಲ್ಲಿ ಮಕ್ಕಳ ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರ ಎದುರೇ ಅವನು ಈ ಮಾತು ಹೇಳಿದ. ಗೇಮ್ ಮಾರುವವನೇ 'ಕಡಿಮೆ ಆಡಿ, ಹೊರಗೆ ಹೋಗಿ ಆಡಿ, ಓದಿ' ಅಂದರೆ ಯಾರು ತಾನೇ ಮರೆಯುತ್ತಾರೆ? ಜಪಾನಿನಲ್ಲಿ ಈಗ ಐವತ್ತರ ಆಸುಪಾಸಿನಲ್ಲಿರುವವರಿಗೆಲ್ಲ ಆ ಸಾಲು ಬಾಯಿಪಾಠ. ಕಾಗಾವಾದ 60 ನಿಮಿಷ ನೋಡಿದ ಕೂಡಲೇ ಜನ ನೆನೆಸಿಕೊಂಡಿದ್ದೂ ಅವನನ್ನೇ.

ಆದರೆ ಎರಡೂ ಒಂದೇ ಅಲ್ಲ. ಮೇಜಿನ್ ಹೇಳಿದ್ದು ಅಣ್ಣ ತಮ್ಮನಿಗೆ ಹೇಳಿದ ಹಾಗೆ. ಕಾಗಾವಾ ಅದನ್ನು ಕಾನೂನಿನ ಕಲಮಿನಲ್ಲಿ ಬರೆಯಿತು.

ಇನ್ನೊಂದು ಹಳೆಯ ಕತೆ ಇಲ್ಲಿ ಹೇಳಲೇಬೇಕು. 1988ರ ಫೆಬ್ರವರಿ 10ಕ್ಕೆ ಡ್ರ್ಯಾಗನ್ ಕ್ವೆಸ್ಟ್ ಅನ್ನುವ ಗೇಮ್‌ನ ಮೂರನೇ ಭಾಗ ಬಂತು. ಅವತ್ತು ಬುಧವಾರ. ಮಕ್ಕಳು ಶಾಲೆಗೆ ಚಕ್ಕರ್ ಹೊಡೆದು ಅಂಗಡಿ ಮುಂದೆ ಕ್ಯೂ ನಿಂತರು. ಪೊಲೀಸರು ಹಿಡಿದು ಬುದ್ಧಿ ಹೇಳಿ ಕಳಿಸಬೇಕಾಯಿತು. 'ಆಮೇಲೆ ಡ್ರ್ಯಾಗನ್ ಕ್ವೆಸ್ಟ್ ಅನ್ನು ಕೆಲಸದ ದಿನ ಬಿಡುಗಡೆ ಮಾಡಬಾರದು ಅಂತ ಜಪಾನ್ ಕಾನೂನು ಮಾಡಿತು' ಅಂತ ಲೋಕವೆಲ್ಲ ನಂಬುತ್ತದೆ. ಅಂಥ ಕಾನೂನು ಇಲ್ಲವೇ ಇಲ್ಲ. ಕಂಪನಿಯೇ ಯೋಚಿಸಿ ನಾಲ್ಕನೇ ಭಾಗವನ್ನು 1990ರ ಫೆಬ್ರವರಿ 11ರ ಭಾನುವಾರ ಬಿಡುಗಡೆ ಮಾಡಿತು. ಕಾನೂನಿಲ್ಲದೆಯೇ ತೊಂದರೆ ಬಗೆಹರಿಯಿತು. ಕಾಗಾವಾದವರು ಈ ಕತೆಯನ್ನು ಒಂದು ಸಲ ನೆನೆದಿದ್ದರೆ ಚೆನ್ನಾಗಿತ್ತು.

ಕಾನೂನು ಹುಟ್ಟಿದ ರೀತಿ

2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ 'ಗೇಮಿಂಗ್ ಡಿಸಾರ್ಡರ್' ಸೇರಿಸಿತು. ಆ ವಿವರಣೆಯನ್ನು ಗಮನವಿಟ್ಟು ಓದಬೇಕು. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯ ಆಗುವುದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದೆ ಇರುವುದು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಕಂಡರೆ ಕಾಯಿಲೆ. ಎಷ್ಟು ಗಂಟೆ ಅನ್ನುವ ಮಾತು ಅದರಲ್ಲಿ ಇಲ್ಲ.

ಕಾಗಾವಾದಲ್ಲಿ ಸ್ಥಳೀಯ ಪತ್ರಿಕೆ ಗೇಮ್ ಚಟದ ವಿರುದ್ಧ ಜೋರಾಗಿ ಪ್ರಚಾರ ನಡೆಸಿತ್ತು. ಪ್ರಾಂತ್ಯದ ವಿಧಾನಸಭೆಯ ಅಧ್ಯಕ್ಷ ಒಯಾಮಾ ಇಚಿರೋ ಮುಂದಾಳಾಗಿ ನಿಂತರು. ಒಂದು ಗಂಟೆಗಿಂತ ಜಾಸ್ತಿ ಫೋನ್ ಬಳಸುವ ಮಕ್ಕಳ ಅಂಕ ಕಡಿಮೆ ಅನ್ನುವ ಶಾಲಾ ಸಮೀಕ್ಷೆ ಅವರ ಕೈಯಲ್ಲಿತ್ತು. ಫೋನಿನಿಂದ ಅಂಕ ಇಳಿಯಿತೋ, ಅಂಕ ಇಳಿದ ಹುಡುಗ ಬೇಜಾರಿಗೆ ಫೋನ್ ಹಿಡಿದನೋ ಅನ್ನುವುದನ್ನು ಸಮೀಕ್ಷೆ ಹೇಳುವುದಿಲ್ಲ. 2020ರ ಜನವರಿಯ ಮೊದಲ ಕರಡಿನಲ್ಲಿ 60 ನಿಮಿಷದ ಗೆರೆ ಗೇಮ್‌ಗಷ್ಟೇ ಅಲ್ಲ, ಸ್ಮಾರ್ಟ್‌ಫೋನ್ ಬಳಕೆಗೂ ಇತ್ತು. ಗಲಾಟೆ ಆದ ಮೇಲೆ ಅದನ್ನು ಕಂಪ್ಯೂಟರ್ ಗೇಮ್‌ಗೆ ಮಾತ್ರ ಇಳಿಸಿದರು.

ಜನರ ಅಭಿಪ್ರಾಯ ಕೇಳಿದ್ದು ಜನವರಿ 23ರಿಂದ ಫೆಬ್ರವರಿ 6ರವರೆಗೆ. ಎರಡೇ ವಾರ. ಬಂದದ್ದು ಸುಮಾರು 2,700. ಪರ 2,269, ವಿರೋಧ 401. ಇಷ್ಟು ಚಿಕ್ಕ ಪ್ರಾಂತ್ಯದಲ್ಲಿ ಇಷ್ಟೊಂದು ಉತ್ಸಾಹ! ಪತ್ರಕರ್ತರು ಮೂಲ ಹಾಳೆಗಳನ್ನು ಹೊರತೆಗೆಸಿದಾಗ ಬೇರೆ ಚಿತ್ರ ಕಾಣಿಸಿತು. ಪರವಾಗಿ ಬಂದ ಎಷ್ಟೋ ಅಭಿಪ್ರಾಯಗಳಲ್ಲಿ ಒಂದೇ ವಾಕ್ಯ, ಅಕ್ಷರ ಅಕ್ಷರ ಹಾಗೇ. 'ಚಟ' ಅನ್ನುವ ಪದವನ್ನು ತಪ್ಪು ಅಕ್ಷರದಲ್ಲಿ ಬರೆದದ್ದೂ ಹಾಗ್ಹಾಗೇ ಹಲವು ಹಾಳೆಗಳಲ್ಲಿ. ಕಾಪಿ ಹೊಡೆದ ಹುಡುಗರು ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಹೀಗೇ ಅಲ್ವಾ?

ಆದರೂ ಮಾರ್ಚ್ 18ರಂದು ಕಾನೂನು ಪಾಸಾಯಿತು. ಪರ 22, ವಿರೋಧ 10. ಎಂಟು ಜನ ಸಭೆಯಿಂದ ಎದ್ದು ಹೋದರು.

ಆ ವಸಂತ

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ 2ರಿಂದ ಕೊರೊನಾ ಅಂತ ಪ್ರಧಾನಿ ಆಬೆ ಕೋರಿಕೆ ಮೇರೆಗೆ ಜಪಾನಿನ ಶಾಲೆಗಳು ಮುಚ್ಚಿದ್ದವು. ಮಾರ್ಚ್ 18ಕ್ಕೆ ಕಾಗಾವಾದ ಕಾನೂನು. ಎರಡೇ ದಿನಕ್ಕೆ, ಮಾರ್ಚ್ 20ಕ್ಕೆ, ನಿಂಟೆಂಡೊ ಸ್ವಿಚ್ ಅನ್ನುವ ಗೇಮ್ ಯಂತ್ರಕ್ಕೆ ಅನಿಮಲ್ ಕ್ರಾಸಿಂಗ್ ಗೇಮ್‌ನ ಹೊಸ ಭಾಗ ಬಂತು. ನಿರ್ಜನ ದ್ವೀಪದಲ್ಲಿ ಮನೆ ಕಟ್ಟುವುದು, ಮೀನು ಹಿಡಿಯುವುದು, ಗೆಳೆಯರ ದ್ವೀಪಕ್ಕೆ ವಿಮಾನದಲ್ಲಿ ಹೋಗಿ ಬರುವುದು. ಅಂಗಡಿಗಳಲ್ಲಿ ಸ್ವಿಚ್ ಸಿಗದ ಹಾಗಾಯಿತು. ಗೇಮ್‌ನ ಗಡಿಯಾರ ಹೊರಗಿನ ಗಡಿಯಾರದ ಜೊತೆಗೇ ನಡೆಯುತ್ತದೆ. ಹೊರಗೆ ಸಂಜೆ ಆದರೆ ಒಳಗೂ ಸಂಜೆ. ಹೊರಗೆ ಯಾರನ್ನೂ ನೋಡಲಾಗದ ಮಕ್ಕಳು ಒಳಗೆ ಗೆಳೆಯರನ್ನು ನೋಡಿದರು. ಅದೇ ಹೊತ್ತಿಗೆ 'ದೂರ ಇದ್ದೇ ಜೊತೆಗೆ ಆಡಿ' ಅಂತ ಗೇಮ್ ಕಂಪನಿಗಳು ನಡೆಸಿದ ಪ್ರಚಾರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೇ ಬೆಂಬಲ ಕೊಟ್ಟಿತು. ಹಿಂದಿನ ವರ್ಷ ಕಾಯಿಲೆಯ ಪಟ್ಟಿ ಮಾಡಿದ್ದೂ ಅವರೇ.

ಶಾಲೆ ಇದ್ದ ದಿನಗಳಲ್ಲಾದರೂ ಈ 60 ನಿಮಿಷ ಎಲ್ಲಿ ಕೂರುತ್ತದೆ? ಜಪಾನಿನ ಹೈಸ್ಕೂಲ್ ಹುಡುಗನ ದಿನ ಉದ್ದ. ಮಧ್ಯಾಹ್ನ ಮೂರೂವರೆಯ ಸುಮಾರಿಗೆ ತರಗತಿ ಮುಗಿದರೆ ಆಮೇಲೆ ಕ್ಲಬ್. ಬೇಸ್‌ಬಾಲ್, ಬ್ಯಾಂಡ್, ಏನೋ ಒಂದು. ಅದು ಮುಗಿದ ಮೇಲೆ ಬಹಳ ಮಕ್ಕಳಿಗೆ ಜುಕು, ಅಂದರೆ ಟ್ಯೂಷನ್. ಊಟ, ಸ್ನಾನ ಮುಗಿಸಿ ಗೆಳೆಯರು ಒಟ್ಟಿಗೆ ಬಿಡುವಾಗುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಸ್ಪ್ಲಟೂನ್ ಅನ್ನುವ ಗೇಮ್‌ನ ಒಂದು ಪಂದ್ಯ ಮೂರೇ ನಿಮಿಷ. ನಾಲ್ಕು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ, ನೆಲಕ್ಕೆ ಬಣ್ಣ ಬಳಿಯಬೇಕು. ಸೋತರೆ ಇನ್ನೊಂದು, ಗೆದ್ದರೆ ಮತ್ತೊಂದು. ಮಾತು, ಕೂಗಾಟ, ಶಾಲೆಯ ಗಾಸಿಪ್, ಎಲ್ಲ ಅಲ್ಲೇ. ನಮ್ಮ ಊರಿನ ಕಟ್ಟೆ ಇದ್ದ ಹಾಗೆ. ಆ ಹೊತ್ತಿನಲ್ಲಿ ಆಟ ಎಷ್ಟು ನಿಮಿಷ, ಹರಟೆ ಎಷ್ಟು ನಿಮಿಷ ಅಂತ ಯಾರು ಅಳೆಯುತ್ತಾರೆ?

ಇನ್ನು ಆಟವೇ ಓದಿನಷ್ಟು ಗಂಭೀರ ಆದ ಮಕ್ಕಳೂ ಇದ್ದಾರೆ. 2019ರ ಅಕ್ಟೋಬರ್‌ನಲ್ಲಿ ಇಬರಾಕಿಯಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ಜೊತೆಗೇ ಪ್ರಾಂತ್ಯಗಳ ನಡುವೆ ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಪಂದ್ಯಾವಳಿ ನಡೆಯಿತು. ಫುಟ್‌ಬಾಲ್‌ನ ವಿನ್ನಿಂಗ್ ಇಲೆವೆನ್, ಕಾರ್ ರೇಸಿನ ಗ್ರ್ಯಾನ್ ಟುರಿಸ್ಮೊ, ಒಗಟಿನಂಥ ಪುಯೊ ಪುಯೊ. ತಮ್ಮ ಪ್ರಾಂತ್ಯದ ಹೆಸರಿನಲ್ಲಿ ಹುಡುಗರು ಆಡಿದರು. ಬ್ಯಾಡ್ಮಿಂಟನ್ ಆಡುವ ಮಗುವಿಗೆ ದಿನಕ್ಕೆ 60 ನಿಮಿಷ ಸಾಕು ಅಂತ ಯಾವ ವಿಧಾನಸಭೆಯೂ ಹೇಳುವುದಿಲ್ಲ.

ಹುಡುಗ ಕೋರ್ಟಿಗೆ

ನಮ್ಮ ಪ್ರಕರಣದ ವಿದ್ಯಾರ್ಥಿ ಕಾನೂನು ಪಾಸಾಗುವ ಮೊದಲೇ ಎದ್ದು ನಿಂತಿದ್ದ. 2020ರ ಜನವರಿಯಲ್ಲಿ ಸಹಿ ಸಂಗ್ರಹ ಮಾಡಿ, 595 ಸಹಿಗಳನ್ನು ತಿಂಗಳ ಕೊನೆಗೆ ವಿಧಾನಸಭೆಗೆ ಕೊಟ್ಟ. ಪ್ರಯೋಜನ ಆಗಲಿಲ್ಲ. ಅವನ ವಾದ ಸರಳ. ಗೇಮ್ ಚಟ ಅನ್ನುವುದು ಸುಳ್ಳು ಅಂತ ಅವನು ಹೇಳಲಿಲ್ಲ. ಎಷ್ಟು ಹೊತ್ತು ಆಡಬೇಕು ಅನ್ನುವುದು ನಮ್ಮ ಮನೆಯೊಳಗಿನ ಮಾತು, ನಾನೂ ಅಮ್ಮನೂ ಕೂತು ತೀರ್ಮಾನಿಸುತ್ತೇವೆ, ನಡುವೆ ಸರ್ಕಾರಕ್ಕೇನು ಕೆಲಸ ಅನ್ನುವುದು ಅವನ ಪ್ರಶ್ನೆ.

ಆ ವರ್ಷದ ಮೇ ತಿಂಗಳಲ್ಲಿ ಕಾಗಾವಾದ ವಕೀಲರ ಸಂಘವೂ ಇದನ್ನು ರದ್ದು ಮಾಡಿ ಅಂತ ಹೇಳಿಕೆ ಕೊಟ್ಟಿತು. ಆಟ ಮಕ್ಕಳ ಹಕ್ಕು ಅನ್ನುವುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 31ನೇ ವಿಧಿಯಲ್ಲೇ ಇದೆ. ಜಪಾನ್ ಅದಕ್ಕೆ ಸಹಿ ಹಾಕಿದ ದೇಶ.

ಸೆಪ್ಟೆಂಬರ್ 30ರಂದು ಹುಡುಗ ಮತ್ತು ಅವನ ಅಮ್ಮ ತಕಮಾತ್ಸು ಜಿಲ್ಲಾ ಕೋರ್ಟಿನಲ್ಲಿ ಪ್ರಾಂತ್ಯದ ವಿರುದ್ಧ ದಾವೆ ಹೂಡಿದರು. ಕೇಳಿದ ಪರಿಹಾರ 16 ಲಕ್ಷ ಯೆನ್. ಆಗಿನ ಲೆಕ್ಕದಲ್ಲಿ ಸುಮಾರು 11 ಲಕ್ಷ ರೂಪಾಯಿ. ದುಡ್ಡು ಇಲ್ಲಿ ನೆಪ. ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ಬಾಯಲ್ಲಿ ಹೇಳಿಸಬೇಕಾದರೆ ಏನಾದರೂ ನಷ್ಟ ತೋರಿಸಿ ಕೇಳಬೇಕು. ಮುಖ್ಯ ವಾದ ನಿಂತದ್ದು ಸಂವಿಧಾನದ 13ನೇ ವಿಧಿಯ ಮೇಲೆ. ತನ್ನ ಬದುಕಿನ ಸುಖವನ್ನು ತಾನೇ ಹುಡುಕಿಕೊಳ್ಳುವ ಹಕ್ಕು ಅದರಲ್ಲಿದೆ. ಖರ್ಚಿಗೆ ಜನರಿಂದ ಚಂದಾ ಎತ್ತಿದರು. 60 ಲಕ್ಷ ಯೆನ್‌ಗೂ ಜಾಸ್ತಿ ಬಂತು. ಮುಖ ನೋಡದ ಎಷ್ಟೋ ಗೇಮ್ ಪ್ರೇಮಿಗಳು ಈ ಹುಡುಗನ ಹೆಗಲ ಮೇಲೆ ತಮ್ಮ ಬಾಲ್ಯದ ಸಿಟ್ಟನ್ನೂ ಇಟ್ಟರು ಅಂತ ನನ್ನ ಊಹೆ. ಅಮ್ಮ ಅಡಾಪ್ಟರ್ ಕಿತ್ತು ಬಚ್ಚಿಟ್ಟ ನೆನಪು ಯಾರಿಗಿಲ್ಲ?

ಪ್ರಾಂತ್ಯದ ಉತ್ತರ ಇನ್ನೂ ಸರಳ. ಇದು ಬರೀ ಪ್ರಯತ್ನ ಮಾಡಿ ಅನ್ನುವ ಸೂಚನೆ. ದಂಡ ಇಲ್ಲ. ಯಾರ ಹಕ್ಕನ್ನೂ ಕಿತ್ತುಕೊಂಡಿಲ್ಲ.

ಸೋಲು

ಕೋರ್ಟಿನ ವೇಗ ಗೊತ್ತಲ್ಲ. ವಿಚಾರಣೆ ನಡೆಯುತ್ತಾ 2022 ಬಂತು. ಹೂಡುವಾಗ 17 ಇದ್ದ ಹುಡುಗನಿಗೆ ಅಷ್ಟರಲ್ಲಿ 18 ತುಂಬಿತ್ತು. ಅಂದರೆ ಅವನು ಎದುರಿಸುತ್ತಿದ್ದ ಕಾನೂನು ಅವನಿಗೇ ಅನ್ವಯವಾಗುತ್ತಿರಲಿಲ್ಲ. ಆ ವರ್ಷದ ಮೇ ಹೊತ್ತಿಗೆ ಅವನ ಕಡೆಯವರು ವಕೀಲರನ್ನು ಬಿಡಿಸಿ, ದಾವೆಯನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು.

ಇಲ್ಲಿ ಪ್ರಕರಣ ಮಗ್ಗುಲು ಬದಲಿಸಿತು. ಜಪಾನಿನ ಸಿವಿಲ್ ಕಾನೂನಿನ ಪ್ರಕಾರ ಎದುರು ಪಕ್ಷ ವಾದ ಶುರು ಮಾಡಿದ ಮೇಲೆ ಅವರ ಒಪ್ಪಿಗೆ ಇಲ್ಲದೆ ದಾವೆ ವಾಪಸ್ ಇಲ್ಲ. ಪ್ರಾಂತ್ಯ ಒಪ್ಪಲಿಲ್ಲ. ಅದಕ್ಕೆ ಬೇಕಿದ್ದುದು ತೀರ್ಪು. ನನಗೆ ಇದು ಜಾಣತನವಾಗಿಯೂ ಕಂಡಿತು, ಸ್ವಲ್ಪ ನಿರ್ದಯವಾಗಿಯೂ ಕಂಡಿತು. ಆಟದಿಂದ ಎದ್ದು ಹೋಗುತ್ತೇನೆ ಅಂದ ಹುಡುಗನನ್ನು ಸರ್ಕಾರ ಕೂರಿಸಿಕೊಂಡು ಕೊನೆಯವರೆಗೆ ಆಡಿಸಿತು.

ಆಗಸ್ಟ್ 30ಕ್ಕೆ ತೀರ್ಪು ಬಂತು. ದಾವೆ ವಜಾ. ಕಾನೂನು ಸಂವಿಧಾನಕ್ಕೆ ವಿರುದ್ಧ ಅಲ್ಲ. ಅತಿಯಾಗಿ ಆಡಿದರೆ ಬದುಕಿಗೆ ತೊಂದರೆ ಆಗಬಹುದು ಅನ್ನುವುದನ್ನು ತಳ್ಳಿಹಾಕಲಾಗದು, ಹಾಗಾಗಿ ಕಾನೂನಿನ ಉದ್ದೇಶ ಸರಿ ಇದೆ ಅಂತ ಕೋರ್ಟ್ ಹೇಳಿತು. 60 ನಿಮಿಷ ಬರೀ ಒಂದು ಅಂದಾಜು, ಅದು ಯಾರ ಕೈಯನ್ನೂ ಕಟ್ಟುವುದಿಲ್ಲ ಅಂತಲೂ ಹೇಳಿತು. ಗೇಮ್, ಇ-ಸ್ಪೋರ್ಟ್ಸ್ ಎಲ್ಲ ಹವ್ಯಾಸ, ಅಭಿರುಚಿಯ ಮಟ್ಟದ್ದು, ಸಂವಿಧಾನ ಕಾಯುವ ಮೂಲಭೂತ ಹಕ್ಕಲ್ಲ ಅನ್ನುವುದೂ ತೀರ್ಪಿನಲ್ಲಿತ್ತು. ಮೇಲ್ಮನವಿ ಹೋಗಲಿಲ್ಲ.

ಕಾನೂನಿನ ದೃಷ್ಟಿಯಿಂದ ತೀರ್ಪು ತಪ್ಪು ಅಂತ ಹೇಳುವುದು ಕಷ್ಟ. ಹಲ್ಲು ಕಿತ್ತ ಹಾವು ಕಚ್ಚಿತು ಅಂತ ದೂರು ಕೊಡಲಾಗುವುದಿಲ್ಲ. ಆದರೆ ಹಲ್ಲಿಲ್ಲದ ಹಾವನ್ನೂ ಮನೆಯೊಳಗೆ ಬಿಟ್ಟರೆ ಮನೆಯವರು ಸುಮ್ಮನಿರುತ್ತಾರಾ? ಕಾನೂನು ಬಂದ ಮೇಲೆ ಪ್ರಾಂತ್ಯದ ಶಿಕ್ಷಣ ಇಲಾಖೆ ಗೇಮ್ ಚಟದ ಬಗ್ಗೆ ಕಲಿಕೆಯ ಹಾಳೆಗಳನ್ನು ಮಾಡಿ ಶಾಲೆಗಳಿಗೆ ಹಂಚಿತು. ಅಲ್ಲಿಯವರೆಗೆ 'ಹೋಂವರ್ಕ್ ಮುಗಿಸಿದ್ದೀಯಾ? ಹಾಗಾದರೆ ಆಡು' ಅಂತಿದ್ದ ಮನೆಗೆ ಅಧಿಕೃತವಾಗಿ ಒಂದು ಅಂಕಿ ಬಂದು ಕೂತಿತು. ದಂಡ ಇಲ್ಲದಿದ್ದರೂ ಅಂಕಿಗೆ ತೂಕ ಇರುತ್ತದೆ. ಕೋರ್ಟ್ ಈ ತೂಕವನ್ನು ತಕ್ಕಡಿಗೆ ಹಾಕಲಿಲ್ಲ.

ಕಣ್ಣಿಗೆ ಬೀಳದೆ ಹೋದ ಸಾಲು

ಇಷ್ಟೆಲ್ಲ ಜಗಳದಲ್ಲಿ ಅದೇ ಕಾನೂನಿನ ಇನ್ನೊಂದು ಕಲಮಿನ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಜೂಜಿನ ಹಾಗೆ ಆಸೆ ಹುಟ್ಟಿಸಿ ದುಡ್ಡು ಕೀಳುವ ಆನ್‌ಲೈನ್ ಗೇಮ್ ವ್ಯವಸ್ಥೆಗೆ ಕಂಪನಿಗಳೇ ಕಡಿವಾಣ ಹಾಕಿಕೊಳ್ಳಬೇಕು ಅಂತ ಅದರಲ್ಲಿ ಇದೆ. ಜಪಾನಿನಲ್ಲಿ ಇದರ ಹೆಸರು ಗಚಾ. ನಾಣ್ಯ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಉಂಡೆಯೊಳಗೆ ಯಾವುದೋ ಒಂದು ಆಟಿಕೆ ಬೀಳುವ ಗಚಾಪೊನ್ ಯಂತ್ರದಿಂದ ಬಂದ ಹೆಸರು. ಫೋನ್ ಗೇಮ್‌ನಲ್ಲಿ ದುಡ್ಡು ಕೊಟ್ಟು ಪಾತ್ರಗಳನ್ನು ಎತ್ತಬೇಕು. ಬೇಕಾದದ್ದು ಬೀಳುವವರೆಗೆ ಎತ್ತುತ್ತಲೇ ಇರಬೇಕು. ಬಿದ್ದ ವಸ್ತುಗಳ ಒಂದು ಸೆಟ್ ಪೂರ್ತಿ ಆದರೆ ಮಾತ್ರ ದೊಡ್ಡ ಬಹುಮಾನ ಅನ್ನುವ 'ಕಂಪ್ಲೀಟ್ ಗಚಾ' ಅಕ್ರಮ ಅಂತ 2012ರ ಮೇ ತಿಂಗಳಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿತು. ಮಾಮೂಲಿ ಗಚಾ ಉಳಿಯಿತು. ಅಪ್ಪನ ಕಾರ್ಡಿನಲ್ಲಿ ಮಗ ಎತ್ತಿದ ಗಚಾದ ಬಿಲ್ ನೋಡಿ ಗ್ರಾಹಕ ಕೇಂದ್ರಕ್ಕೆ ಓಡಿದ ಮನೆಗಳಿಗೆ 60 ನಿಮಿಷದಿಂದ ಏನೂ ಆಗುವುದಿಲ್ಲ. ಗಚಾ ಎತ್ತಲು ಒಂದು ನಿಮಿಷ ಸಾಕು.

ದುಡ್ಡಿನ ಹಿಂದೆ ಕಂಪನಿಗಳಿವೆ, ಅವುಗಳನ್ನು ಮುಟ್ಟುವುದು ಕಷ್ಟ. ಗಡಿಯಾರದ ಹಿಂದೆ ಇರುವುದು ಅಮ್ಮ ಮಾತ್ರ. ಆ ಸಭೆ ಸುಲಭದ ಕಡೆ ಹೊರಳಿತು ಅಂತ ನನ್ನ ಅಭಿಪ್ರಾಯ.

ಆಮೇಲೆ

2020ರಲ್ಲೇ ಅಕಿತಾ ಪ್ರಾಂತ್ಯದ ಓದಾತೆ ನಗರ ಕಾಗಾವಾವನ್ನು ನೋಡಿ ಇಂಥದ್ದೇ ನಿಯಮ ತರಲು ಹೊರಟಿತ್ತು. ಗಲಾಟೆ ನೋಡಿ ಕೈಬಿಟ್ಟಿತು. ಕಾಗಾವಾದ ಕಾನೂನಿನ ಕೊನೆಯಲ್ಲಿ, ಎರಡು ವರ್ಷದ ಮೇಲೆ ಮತ್ತೆ ನೋಡೋಣ ಅನ್ನುವ ಅರ್ಥದ ಸಾಲು ಇತ್ತು. ಎರಡು ವರ್ಷ ಆದ ಮೇಲೂ 60 ನಿಮಿಷ ಅಲ್ಲೇ ಇತ್ತು. ಯಾದೋನ್ ಕೂಡ ಅಲ್ಲೇ ಇತ್ತು.

2025ರ ಅಕ್ಟೋಬರ್ 1ರಿಂದ ಐಚಿ ಪ್ರಾಂತ್ಯದ ತೊಯೊಆಕೆ ನಗರದಲ್ಲಿ ಇನ್ನೊಂದು ಗಡಿಯಾರ ಶುರುವಾಗಿದೆ. ಕೆಲಸ, ಓದು ಬಿಟ್ಟು ಬಿಡುವಿನ ಹೊತ್ತಿನ ಸ್ಮಾರ್ಟ್‌ಫೋನ್ ದಿನಕ್ಕೆ ಎರಡು ಗಂಟೆಯ ಒಳಗೆ. ಇಲ್ಲೂ ದಂಡ ಇಲ್ಲ, ಬರೀ ಅಂದಾಜು. ಆದರೆ ಇದು ಸುಮಾರು 69 ಸಾವಿರ ನಿವಾಸಿಗಳಲ್ಲಿ ಮಕ್ಕಳಿಗಷ್ಟೇ ಅಲ್ಲ, ಎಲ್ಲರಿಗೂ. ಇಲ್ಲಿ 18 ತುಂಬಿದರೂ ಬಿಡುಗಡೆ ಇಲ್ಲ.